ಬುದ್ಧಿ ಆರು, ಕೈಚಳಕ ಹದಿನೇಳು

"ಇದನ್ನ ಮರದಲ್ಲಿ ಮಾಡ್ಕೊಡ್ಬೇಕು. ಅರಗಿನ ಬಣ್ಣ ಹಾಕಿ."

ಕವನ ಅಂಗೈ ಬಿಚ್ಚಿದಳು. ಇಪ್ಪತ್ತು ಮುಖಗಳ ಪ್ಲಾಸ್ಟಿಕ್ ದಾಳ. ಗೊಂಬೆ ಕಡೆಯುತ್ತಿದ್ದ ಬೈರೇಶ್ ಲೇತ್ ನಿಲ್ಲಿಸಿ ಮೊದಲು ದಾಳವನ್ನು ನೋಡಿದ, ಆಮೇಲೆ ಅವಳನ್ನು.

"ಯಾವೂರು ಮೇಡಂ?"

"ಹೊಂಗನೂರು."

"ಚನ್ನಪಟ್ಟಣದ ಪಕ್ಕದೋರು ಕೇಳೋ ಮಾತಾ ಇದು? ತಿರುಗೋ ಮರಕ್ಕೆ ಅರಗು ಒತ್ತಿದ್ರೆ ತಾನೆ ಬಣ್ಣ ಹತ್ತೋದು. ಇಷ್ಟೊಂದು ಮೂತಿ ಇರೋದನ್ನ ಎಲ್ಲಿ ಅಂತ ತಿರುಗ್ಸಲಿ?"

"ನಂಗೊತ್ತು. ನಮ್ ಬಾಸ್‌ಗೆ ಗೊತ್ತಿಲ್ಲ. ಆಗಲ್ಲ ಅಂತ ನಿಮ್ ಬಾಯಲ್ಲೇ ಹೇಳಿಸ್ಕೊಂಡು ಹೋಗೋಕೆ ಬಂದೆ."

ಬೈರೇಶ್ ನಕ್ಕ. ಅವನ ರೆಪ್ಪೆಗಳ ಮೇಲೆ ಮರದ ಪುಡಿ ಕೂತಿತ್ತು. 'ಇದನ್ನೆಲ್ಲ ಯಾಕೆ ನೋಡ್ತಿದ್ದೀನಿ...' ಎಂದುಕೊಂಡಳು ಕವನ.

ಅವಳ ಕಂಪನಿ ಬೆಂಗಳೂರಿನದು. ಮೇಜಿನ ಸುತ್ತ ಕೂತು ಆಡುವ ಕಥೆಯಾಟಗಳನ್ನು ಮಾರುತ್ತದೆ. ಒಬ್ಬ ಕಥೆ ಹೇಳುತ್ತ, "ಈಗ ಏನ್ ಮಾಡ್ತೀರಾ?" ಎಂದು ಕೇಳುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ಉತ್ತರಿಸುತ್ತಾರೆ. ಪಾತ್ರದ ಬುದ್ಧಿಗೆ, ಬಲಕ್ಕೆ, ಕೈಚಳಕಕ್ಕೆ ಇಪ್ಪತ್ತರೊಳಗಿನ ಒಂದೊಂದು ಅಂಕಿ. ಹೇಳಿದ್ದು ನಡೆಯುತ್ತದೋ ಇಲ್ಲವೋ ದಾಳ ನಿರ್ಧರಿಸುತ್ತದೆ. ಅಜ್ಜಿಯರು ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೆ ಇವರು ಹೊಳೆಯುವ ಪೆಟ್ಟಿಗೆ ಮಾಡಿದ್ದರು, ಅಷ್ಟೆ.

ಮಾಲೀಕ ಶಶಾಂಕ್‌ಗೆ ಈ ಸಲದ ಆಟದಲ್ಲಿ ಮಣ್ಣಿನ ವಾಸನೆ ಬೇಕಿತ್ತು. ಮಣ್ಣು ಮಾತ್ರ ಅವನ ಶೂಗೆ ಹತ್ತಬಾರದು. ಕೊಳ್ಳುವವರು ಇನ್ನೂ ವಿಚಿತ್ರ. ಪೆಟ್ಟಿಗೆಯನ್ನು ಕಪಾಟಿನಲ್ಲಿಟ್ಟು ಫೋಟೋ ಹಾಕುತ್ತಾರೆ. ಜೊತೆಗೆ ಕೂತು ಆಡಲು ಅವರಿಗೆ ನಾಲ್ವರು ಸ್ನೇಹಿತರಿಲ್ಲ.

"ಬುಗುರಿ ಆದ್ರೆ ತಿರುಗುತ್ತಲ್ಲ?" ಕವನ ಕೇಳಿದಳು. "ಒಂದು ತಟ್ಟೆಯ ಸುತ್ತ ಅಂಕಿ ಬರೆದು ಅದರಲ್ಲಿ ಬಿಡೋಣ. ಬುಗುರಿ ಬಿದ್ದಾಗ ಅದರ ಕಡ್ಡಿ ಯಾವುದನ್ನ ತೋರ್ಸುತ್ತೋ ಅದೇ ಲೆಕ್ಕ."

ಬೈರೇಶ್ ಹಾಲೆಮರದ ತುಂಡೊಂದನ್ನು ಲೇತಿಗೆ ಕಚ್ಚಿಸಿದ. "ಒಸಿ ಕೂತ್ಕಳಿ. ನೋಡೇ ಬುಡಾನ."

ಆಮೇಲೆ ಅವಳು ವಾರವಾರವೂ ಬಂದಳು. ಬುಗುರಿ ಸರಿಹೋದ ಮೇಲೂ ಬಂದಳು. "ಕಡ್ಡಿ ಸೊಟ್ಟಗಾಗಿದೆ" ಎನ್ನುವಳು. ಅವನು ನೆಟ್ಟಗಿರುವ ಕಡ್ಡಿಯನ್ನೇ ಮತ್ತೆ ಕಡೆದು ಕೊಡುವನು. ಅಂಗಡಿಯ ಯಜಮಾನ ಆಫ್ತಾಬ್ ಒಂದು ದಿನ ಕನ್ನಡಕದ ಮೇಲಿನಿಂದ ನೋಡಿ, "ಲೇ ಬೈರೇಶ, ಸೊಟ್ಟ ಆಗಿರೋದು ಕಡ್ಡಿ ಅಲ್ಲ ಕಣ್ಲಾ" ಎಂದ.

ಪೆಟ್ಟಿಗೆ ಅಚ್ಚಾಗಿ ಬಂತು. ಮುಚ್ಚಳದ ಮೇಲೆ ಮೊದಲ ಸಲ 'ಕಥೆ: ಕವನ'. ಅವಳು ಅದನ್ನು ಬೆರಳಿನಿಂದ ಎಷ್ಟು ಸಲ ಸವರಿದಳೋ...

ಜಾಹೀರಾತಿನ ವಿಡಿಯೋಗೆಂದು ಶಶಾಂಕ್ ಆಫ್ತಾಬನ ಅಂಗಡಿಗೇ ಬಂದ. ನೆಲಕ್ಕೆ ಹೊಸ ಚಾಪೆ ಹಾಸಿಸಿದ, ಹಳೆಯದರ ಹಾಗೆ ಕಾಣುವಂಥದ್ದು.

"ಬೈರೇಶ್, ನೀವು ನಿಮ್ಮ ಹೆಸರಿನ ಪಾತ್ರವನ್ನೇ ಆಡಿ. ಎಷ್ಟು ನ್ಯಾಚುರಲ್ ಆಗಿರುತ್ತೆ. ಬಣ್ಣದ ಬೈರ, ಹಳ್ಳಿಯವನು. ಕೈಚಳಕ ಹದಿನೇಳು, ಬುದ್ಧಿ ಆರು."

ಕವನ ಪೆಟ್ಟಿಗೆಯ ಮುಚ್ಚಳವನ್ನು ಬೋರಲು ಹಾಕಿದಳು.

"ಯಾರು ಬರ್ದಿದ್ದು ಸಾರ್?" ಬೈರೇಶ್ ಕೇಳಿದ.

"ನಮ್ಮ ಕವನ. ಈ ಕಡೆಯವಳೇ, ನಿಮ್ಮನ್ನೆಲ್ಲ ಚೆನ್ನಾಗಿ ಬಲ್ಲಳು."

ಬೈರೇಶ್ ಅವಳ ಕಡೆ ನೋಡಲಿಲ್ಲ. "ಆರು ಅಂದ್ರೆ ಎಷ್ಟು ಸಾರ್? ನಮ್ಮನೇಲಿ ಕುರಿ ಅವೆ. ಕುರಿಗೆಷ್ಟು?"

ಶಶಾಂಕ್ ಪುಸ್ತಕ ತಿರುವಿದ. "ಕುರಿಗೆ... ನಾಲ್ಕು."

"ಸದ್ಯ."

ಆಟ ಶುರುವಾಯಿತು. ಕಾಡು, ಗುಹೆ, ಕಲ್ಲಿನ ಬಾಗಿಲು. "ಬೈರ, ಈಗ ಏನ್ ಮಾಡ್ತೀರಾ?"

"ಬಾಗ್ಲು ಅಂದ್ರೇನು ಸಾರ್? ನಂದು ಆರಲ್ವಾ, ಗೊತ್ತಾಗಾಕಿಲ್ಲ."

ಕಂಪನಿಯವರು ನಕ್ಕರು. ಶಶಾಂಕ್ ಕ್ಯಾಮೆರಾದವನಿಗೆ, ನಿಲ್ಲಿಸಬೇಡ ಎಂದು ಸನ್ನೆ ಮಾಡಿದ. ಬೈರೇಶ್ ಎದ್ದು ಹಿತ್ತಲಿಗೆ ಹೊರಟುಹೋದ.

"ಆ ಅಂಕಿ ತೆಗೀರಿ ಸರ್," ಕವನ ಹೇಳಿದಳು. "ತಪ್ಪು ನನ್ನದು. ತಿದ್ದಿ ಅಚ್ಚು ಹಾಕಿಸಿ."

"ಒಂದು ನಂಬರಿಗೋಸ್ಕರ? ಅಂಥವರೇನು ಇದನ್ನ ಓದ್ತಾರಾ?"

"ಹಾಗಾದ್ರೆ ನನ್ನ ಹೆಸರು ತೆಗೀರಿ. ನಾಳೆಯಿಂದ ನಾನೂ ಬರಲ್ಲ."

ತಡೆಯುತ್ತಾನೆ ಎಂದು ಒಂದು ಗಳಿಗೆ ನಂಬಿದ್ದಳು, ಪಾಪ. ಶಶಾಂಕ್ ಯೋಚಿಸಿ, "ಅದಕ್ಕಾದ್ರೆ ಮುಚ್ಚಳದ ಮೇಲೊಂದು ಸ್ಟಿಕ್ಕರ್ ಸಾಕು" ಎಂದ.

ಹಿತ್ತಲಲ್ಲಿ ಒಣಗಲು ಪೇರಿಸಿದ್ದ ಮರದ ಪಕ್ಕ ಬೈರೇಶ್ ನಿಂತಿದ್ದ.

"ನಾನೇ ಬರೆದಿದ್ದು," ಎಂದಳು ಹಿಂದೆಯೇ ಬಂದ ಕವನ. "ನಿಮ್ಮನ್ನ ನೋಡೋಕೂ ಮುಂಚೆ, ಹೆಸರೂ ಆಗಲೇ ಇಟ್ಟಿದ್ದು. ನಮ್ಮ ಆಟಗಳಲ್ಲಿ ರಾಜಕುಮಾರನಿಗೆ ಹದಿನಾರು, ಹಳ್ಳಿಯವನಿಗೆ ಆರು. ಯೋಚನೆಯೇ ಮಾಡಲ್ಲ, ಅಂಕಿ ತುಂಬ್ಕೊಂಡು ಹೋಗ್ತೀವಿ. ನಮ್ಮಪ್ಪನೂ ಹಳ್ಳಿಯೋನೇ... ಆದ್ರೂ ತುಂಬಿದೆ."

"ನೋಡಾದ್ಮೇಲಾದ್ರೂ ತಿದ್ಬೋದಿತ್ತಲ್ಲ?"

"ಬರೆದದ್ದೇ ಮರೆತುಹೋಗಿತ್ತು."

"ಅದೇ ಮೇಡಂ ಉರಿಯೋದು. ಬೇಕು ಅಂತ ಬರ್ದಿದ್ರೆ ಜಗಳನಾದ್ರೂ ಆಡ್ತಿದ್ದೆ."

ಅವಳ ಕಣ್ಣು ತುಂಬಿತು, ಒರೆಸಿಕೊಳ್ಳಲಿಲ್ಲ. "ಕೆಲ್ಸ ಬುಟ್ಬುಟ್ಟೆ," ಎಂದಳು. ಬೆಂಗಳೂರಿನಲ್ಲಿ ನುಂಗಿಕೊಂಡಿದ್ದ ಹೊಂಗನೂರು ಬಾಯಿಗೆ ಬಂದಿತ್ತು. "ಹೆಸ್ರೂ ತೆಗಿಸ್ದೆ."

ಬೈರೇಶ್ ತಿರುಗಿದ.

"ನಿಮ್ ಪಾತ್ರಕ್ಕೆ ಬುದ್ಧಿ ಎಷ್ಟು ಹಾಕ್ಕಂಡಿದ್ರಿ?"

"...ಹದಿನೆಂಟು."

"ಹದಿನೆಂಟು ಇಟ್ಕಂಡು ಹಿಂಗಾ ಮಾಡಾದು?" ಅವನ ತುಟಿಯ ಕೊನೆ ಅಲುಗಿತು. ಮರದ ತುಂಡೊಂದನ್ನು ಎಳೆದು ಅವಳಿಗೆ ಹಾಕಿ, ಎದುರು ತಾನೂ ಕೂತ. "ಈಗ ನಾನ್ ಕತೆ ಹೇಳ್ತೀನಿ. ಒಬ್ಳು ಅವ್ಳೆ. ಕೆಲ್ಸ ಇಲ್ಲ, ಹೆಸ್ರಿಲ್ಲ. ಎದುರ್ಗೆ ಒಬ್ಬ ಕೂತವ್ನೆ, ಕೋಪ ಇನ್ನೂ ಒಸಿ ಐತೆ. ಈಗ ಏನ್ ಮಾಡ್ತೀಯಾ, ಕವನಾ?"

'ಮೇಡಂ' ಎಂಬ ಮಾತು ಹೋಗಿತ್ತು. ಅವಳು ಕೈ ಚಾಚಿ, ಅರಗಿನ ಬಣ್ಣ ಹತ್ತಿದ ಅವನ ಬೆರಳುಗಳನ್ನು ಹಿಡಿದುಕೊಂಡಳು.

"ಬುಗುರಿ ಬುಡ್ದೆ ಹೆಂಗೆ ಮಾಡ್ತೀಯಾ?" ಅವನು ಮೆಲ್ಲಗೆ ಕೇಳಿದ. "ಯಾವ ಅಂಕಿ ಬೀಳ್ತದೋ ನೋಡ್ಬೇಕಲ್ವಾ?"

"ಬೇಡ," ಎಂದಳು ಕವನ. "ಅಂಕಿ ಹಾಕಿದ್ದು ಸಾಕು."

ಅವನು ಕೈ ಬಿಡಿಸಿಕೊಳ್ಳಲಿಲ್ಲ.