ಅರ್ಧಕ್ಕೇ ನಿಂತ ಪುಟ

"ಶಾಲೇನ ಅರ್ಧಕ್ಕೆ ಬಿಟ್ಟವರು ಉತ್ತರಾನೂ ಅರ್ಧಕ್ಕೇ ಬಿಡ್ತಾರೆ, ಬಿಡಿ."

ಹೀಗೆಂದವಳು ನಮ್ಮ ಸರ್ವರಮ್ಮ. ಮೀಟಿಂಗ್ ರೂಮಿನಲ್ಲಿ, ಹನ್ನೊಂದು ಜನರ ಎದುರು. ಆಫೀಸಿನ ಸರ್ವರ್‌ಗಳನ್ನೆಲ್ಲ ನೋಡಿಕೊಳ್ಳುವ ಅವಳಿಗೆ ಆ ಹೆಸರಿಟ್ಟವನು ನಾನೇ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನನ್ನ ಕಿವಿ ಸುಡುತ್ತಿತ್ತು.

ನಾನು ಶಾಲೆ ಬಿಟ್ಟ ಸಂಗತಿ ಅಲ್ಲಿ ಅವಳೊಬ್ಬಳಿಗೇ ಗೊತ್ತಿದ್ದದ್ದು. ಹೋದ ತಿಂಗಳು ಲಿಫ್ಟ್ ಕೆಟ್ಟ ದಿನ, ನಾಲ್ಕನೇ ಮಹಡಿಯ ಮೆಟ್ಟಿಲ ಮೇಲೆ ಇಬ್ಬರೂ ಏದುಸಿರು ಬಿಡುತ್ತ ಕೂತಾಗ ಹೇಳಿದ್ದೆ. ಅಪ್ಪನ ರೇಡಿಯೋ ರಿಪೇರಿ ಅಂಗಡಿ, ಒಂಬತ್ತನೇ ಕ್ಲಾಸಿಗೇ ಕಟ್ಟಿಟ್ಟ ಪುಸ್ತಕ, ಹಳೇ ಕಂಪ್ಯೂಟರ್ ಬಿಚ್ಚಿ ಕಲಿತ ವಿದ್ಯೆ, ಎಲ್ಲ. ಹಣೆಯ ಮೇಲಿನ ಕೂದಲು ಸರಿಸಿ, "ಯಾರಿಗೂ ಹೇಳಲ್ಲ" ಅಂದಿದ್ದಳು. ನಾನು ಆ ಕೂದಲನ್ನೇ ನೋಡುತ್ತಿದ್ದೆ. ದಡ್ಡ.

ಹೊಟ್ಟೆ ಉರಿಯುವುದು ಯಾಕೆಂದರೆ, ಕೆಲಸದ ಬಗ್ಗೆ ಅವಳಂದದ್ದು ಸುಳ್ಳಲ್ಲ. ನಮ್ಮ ಬಸ್ ಟಿಕೆಟ್ ಸೈಟ್ ನಡೆಯುವುದು ನಾನು ಕಟ್ಟಿದ ಫ್ರೇಮ್‌ವರ್ಕ್, ಅಂದರೆ ಪುಟಗಳನ್ನು ಜೋಡಿಸುವ ಚೌಕಟ್ಟಿನ ಮೇಲೆ. ಯಾವ ಸರ್ವರ್‌ಗಾದರೂ ಯಾವ ಫ್ರೇಮ್‌ವರ್ಕ್ ಆದರೂ ಹೊಂದಲಿ ಅಂತ ಒಂದು ಸ್ಟ್ಯಾಂಡರ್ಡ್ ಇದೆ. ಸರ್ವರ್ ಜನರ ಕೋರಿಕೆಯನ್ನು ನಮ್ಮ ಕೈಗಿಡುತ್ತದೆ, ನಾವು ಉತ್ತರವನ್ನು ಜೋಡಿಸಿ ಅದರ ಕೈಗೇ ವಾಪಸ್ ಕೊಡಬೇಕು. ನನ್ನದು ಕೊಡುತ್ತಿರಲಿಲ್ಲ. ಪುಟವನ್ನು ಬರೆಯುತ್ತ ಬರೆಯುತ್ತಲೇ ತಾನೇ ಹೊರಗೆ ಎಸೆಯುತ್ತಿತ್ತು. ನಡುವೆ ಏನಾದರೂ ಕೆಟ್ಟರೆ ಜನಕ್ಕೆ "ಟಿಕೆಟ್ ಆಗಿದೆ" ಅನ್ನುವ ಅರ್ಧ ಪುಟ ಹೋಗಿರುತ್ತಿತ್ತು, ಸೀಟ್ ನಂಬರ್ ಇಲ್ಲದೆ. ಅವರು ಫೋನ್ ಮಾಡಿ ಬೈಯುತ್ತಿದ್ದದ್ದು ಸರ್ವರಮ್ಮನನ್ನು.

"ಶುಕ್ರವಾರದೊಳಗೆ ಸ್ಟ್ಯಾಂಡರ್ಡ್ ಸರ್ವರ್ ಮೇಲೆ ಓಡಬೇಕು, ಮೇಸ್ತ್ರಿ," ಎಂದರು ಮ್ಯಾನೇಜರ್. ಆಫೀಸಿನಲ್ಲಿ ನನ್ನ ಹೆಸರೇ ಅದು. "ಇಲ್ಲಾಂದ್ರೆ ಕಿತ್ತುಹಾಕಿ ರೆಡಿಮೇಡ್ ಒಂದನ್ನ ತರ್ತೀವಿ. ಇಬ್ರೂ ಕೂತ್ಕೊಂಡು ಮಾಡಿ."

ಇಬ್ಬರೂ ಅಂತೆ! ನಾಲ್ಕು ವರ್ಷ ಕಟ್ಟಿದ್ದು ನಾಲ್ಕು ದಿನದಲ್ಲಿ ಉಳಿಯಬೇಕು, ಅದೂ ಅವಳ ಪಕ್ಕ ಕೂತು.

ಅವಳು ಕುರ್ಚಿ ಎಳೆದುಕೊಂಡು ಬಂದಳು. ನಾನು ನನ್ನದನ್ನು ಒಂದು ಗೇಣು ಆಚೆ ಸರಿಸಿದೆ. ಅವಳೂ ಒಂದು ಗೇಣು ಸರಿದಳು, ಈಚೆಗೆ.

"ಗೋಡೆ ಬಂತು ಮೇಸ್ತ್ರಿ. ಇನ್ನೆಲ್ಲಿಗೆ ಹೋಗ್ತೀರಾ?"

"ಕೆಲಸ ನೋಡಿ."

"ನೋಡ್ತಾನೇ ಇದೀನಿ. ನಿಮ್ಮ ಮೂಗಿನ ತುದಿ ಕೆಂಪಾಗಿದೆ."

ಆ ರಾತ್ರಿ ಮನೆಯಲ್ಲಿ ಅಕ್ಕ, ತಟ್ಟೆಯ ಮುಂದೆ ಕೂತವನ ತಲೆಗೆ ಮೊಟಕಿದಳು. "ಯಾವಳೋ ಅದು? ಅರ್ಧ ಗಂಟೆಯಿಂದ ತಟ್ಟೇನ ಗುರಾಯಿಸ್ತಾ ಇದೀಯ!"

ಎಸೆಯುವುದನ್ನು ಬಿಟ್ಟು, ಇಡೀ ಪುಟ ಸಿದ್ಧವಾಗುವವರೆಗೆ ಹಿಡಿದಿಟ್ಟು ಆಮೇಲೆ ಒಪ್ಪಿಸುವುದನ್ನು ಫ್ರೇಮ್‌ವರ್ಕಿಗೆ ಕಲಿಸಲು ಎರಡು ದಿನ ಹಿಡಿಯಿತು. ಗುರುವಾರ ಹೊಸ ತಲೆನೋವು. ತುಂಬಿ ಕಳಿಸಿದ ಫಾರ್ಮ್‌ಗಳೆಲ್ಲ ಖಾಲಿಯಾಗಿ ಬರತೊಡಗಿದವು. ಮೇಜು ಗುದ್ದಿದೆ. ಅವಳ ನೀರಿನ ಬಾಟಲಿ ಉರುಳಿತು.

ಅವಳು ಬಾಟಲಿ ಎತ್ತಿಟ್ಟು ಪರದೆಯತ್ತ ಬಗ್ಗಿದಳು. ಅದೇ ಕೂದಲು ನನ್ನ ಮೊಣಕೈಗೆ ತಾಕಿತು. ಕೈ ಹಿಂದೆಗೆಯಬೇಕಿತ್ತು, ತೆಗೆಯಲಿಲ್ಲ.

"ಇಲ್ನೋಡಿ. ನಿಮ್ಮ ಲಾಗಿನ್ ಭಾಗ ಫಾರ್ಮನ್ನ ಮೊದಲೇ ಓದ್ಬಿಡುತ್ತೆ. ಸರ್ವರ್ ಕೊಡೋದನ್ನ ಒಂದೇ ಸಲ ಓದೋಕಾಗೋದು. ಓದಿದವರು ಜೋಪಾನವಾಗಿ ಎತ್ತಿಟ್ಕೋಬೇಕು."

"ನಾನೂ ಒಂದೇ ಸಲ ಹೇಳಿದ್ದೆ," ಅಂದೆ. "ಮೆಟ್ಟಿಲ ಮೇಲೆ. ನೀವು ಚೆನ್ನಾಗಿ ಜೋಪಾನ ಮಾಡಿದ್ರಿ."

ಅವಳ ಬೆರಳು ಕೀಬೋರ್ಡ್ ಮೇಲೇ ನಿಂತಿತು. ಸಂಜೆ ಫಾರ್ಮ್‌ಗಳು ಸರಿಯಾಗುವವರೆಗೆ ಮತ್ತೆ ತಮಾಷೆ ಮಾಡಲಿಲ್ಲ. ಅದೂ ನನಗೆ ಸಹಿಸಲಾಗಲಿಲ್ಲ.

ಶುಕ್ರವಾರ, ಅದೇ ರೂಮು, ಅದೇ ಹನ್ನೊಂದು ಮುಖ. ಪರೀಕ್ಷೆಗೆಂದು ಸರ್ವರಮ್ಮ ಒಂದು ಬುಕಿಂಗ್ ನಡುವೆ ಬೇಕೆಂದೇ ಡೇಟಾಬೇಸ್ ನಿಲ್ಲಿಸಿದಳು. ಅರ್ಧ ಪುಟ ಬರಲಿಲ್ಲ. "ಟಿಕೆಟ್ ಆಗಿಲ್ಲ, ದಯವಿಟ್ಟು ಮತ್ತೆ ಪ್ರಯತ್ನಿಸಿ" ಎಂಬ ಪುಟ ಪೂರ್ತಿಯಾಗಿ ಬಂತು.

"ಉಳ್ಕೊಂತು ಕಣ್ರೀ!" ಎಂದರು ಮ್ಯಾನೇಜರ್.

ಅವಳು ಕೂರಲಿಲ್ಲ. "ಇನ್ನೊಂದು ಮಾತು. ಅವತ್ತು ಇವರ ಶಾಲೆ ವಿಷಯ ತೆಗೆದೆನಲ್ಲ, ಅದು ನನ್ನ ನಂಬಿ ಹೇಳಿದ್ದು. ಬೈಗುಳ ತಿಂದೂ ತಿಂದೂ ಸಾಕಾಗಿತ್ತು, ಬಾಯಿ ತಪ್ತು ಅಂತ ನೆಪ ಹೇಳಲ್ಲ. ಎಲ್ಲರೆದುರು ಅಂದಿದ್ದೆ, ಎಲ್ಲರೆದುರೇ ಕ್ಷಮೆ ಕೇಳ್ತೀನಿ."

ಯಾರೂ ನಗಲಿಲ್ಲ.

ಹೊರಗೆ ಮೆಟ್ಟಿಲ ಬಳಿ ಓಡಿಬಂದು ಅಡ್ಡ ನಿಂತಳು. ಲಿಫ್ಟ್ ಚೆನ್ನಾಗಿಯೇ ಇತ್ತು, ನಾನೇ ಹತ್ತಿರಲಿಲ್ಲ.

"ನನಗೆ ನೀನಂದ್ರೆ ಇಷ್ಟ, ಮೇಸ್ತ್ರಿ." ಮೊದಲ ಸಲ ನೀನು ಅಂದಳು. ಕಣ್ಣು ತುಂಬಿತ್ತು, ತುಟಿಯ ಒಂದು ಕೊನೆ ಮಾತ್ರ ನಗಲು ನೋಡುತ್ತಿತ್ತು. "ನಿನಗೆ?"

ಹೌದು ಅನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ಅದರ ಬೆನ್ನಿಗೇ ಹನ್ನೊಂದು ಜನರ ನಗು, ಇನ್ನೂ ಆರದ ಸಿಟ್ಟು. ಆಗಲೇ ಬಾಯಿ ಬಿಟ್ಟಿದ್ದರೆ ಉತ್ತರದ ಮೊದಲರ್ಧ ಮಾತ್ರ ಅವಳಿಗೆ ಸಿಗುತ್ತಿತ್ತು.

ಅವಳ ಹಣೆಯ ಮೇಲಿನ ಕೂದಲನ್ನು ಒಂದು ಸಲ ನೋಡಿ, ಬ್ಯಾಗ್ ಹೆಗಲಿಗೇರಿಸಿ ಮೆಟ್ಟಿಲಿಳಿದೆ.