ಮುಯಿ ಅಜ್ಜಿಯ ಬಾಯಲ್ಲಿ ಅಕ್ಕಿ

ಅಮೆರಿಕದ ವಿಮಾನಗಳು ಆ ಬೆಳಿಗ್ಗೆ ಎರಡು ಸಲ ಬಂದು ಹೋಗಿದ್ದವು. ವಿಯೆಟ್ನಾಮಿನ ಹೈಫಾಂಗ್ ಬಂದರಿನ ಹಿಂದಿನ ಓಣಿಯಲ್ಲಿ, ಕುಸಿದ ಗೋಡೆ ಸರಿಸಿದಾಗ ಮುಯಿ ಅಜ್ಜಿಯ ಹೆಣ ಸಿಕ್ಕಿತು. ಎದೆಯ ಮೇಲೆ ತೊಲೆ. ಮುಖಕ್ಕೆ ಮಾತ್ರ ಒಂದು ಗೀರೂ ಇರಲಿಲ್ಲ.

ಕೊಲೆಗಾರನನ್ನು ಆಗಲೇ ಹಿಡಿದಾಗಿತ್ತು — ದಾಳಿಯಾದಾಗ ಓಣಿಯವರು ಅಡಗುವ ನೆಲಮಾಳಿಗೆಯ ಕಾವಲುಗಾರ, ಮುದುಕ ಖಾಂಗ್. ಆಕಾಶದಲ್ಲಿರುವವರು ಕೈಗೆ ಸಿಗುವುದಿಲ್ಲ. ಸಿಕ್ಕವನ ಕೊರಳಪಟ್ಟಿ ಹಿಡಿದಿದ್ದರು.

"ಅಮ್ಮ ಬಾಗಿಲು ಬಡಿದ್ರೂ ಇವ್ನು ತೆಗೀಲಿಲ್ಲ," ಎಂದು ಅಜ್ಜಿಯ ಮಗ ವಿಯೆನ್ ಪೊಲೀಸ್ ಥಾಮ್‌ಗೆ ಹೇಳಿದ. "ಜೈಲಿಗೆ ಹಾಕಿ ಅಕ್ಕಾ."

"ಅವಳು ಬರ್ಲೇ ಇಲ್ಲಮ್ಮ," ಎಂದ ಖಾಂಗ್. ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದ.

ಥಾಮ್ ಹೆಣದ ಪಕ್ಕ ಕೂತಳು. ತುಟಿಯಂಚಿನಲ್ಲಿ ಅಕ್ಕಿಕಾಳು ಕಾಣುತ್ತಿತ್ತು.

"ನೀನೆಲ್ಲಿದ್ದೆ ವಿಯೆನ್?"

"ಹಡಗುಕಟ್ಟೆಯಲ್ಲಿ. ಎಲ್ಲಾ ಮುಗಿದ್ಮೇಲೆ ಬಂದೆ."

"ಹೆಣಾನ ಯಾರಾದ್ರೂ ಮುಟ್ಟಿದ್ರಾ?"

"ಇಲ್ಲ, ಈಗಷ್ಟೇ ಗೋಡೆ ಸರಿಸಿದ್ವಿ," ಎಂದರು ಅಗೆಯುತ್ತಿದ್ದವರು.

"ಹಾಗಾದ್ರೆ ಬಾಯಿಗೆ ಅಕ್ಕಿ ಹಾಕಿದ್ದು ಯಾರು — ಬಾಂಬಾ?"

ಸತ್ತವರನ್ನು ಬರಿಬಾಯಲ್ಲಿ ಕಳಿಸಬಾರದು. ಆದರೆ ಆ ಅಕ್ಕಿ ಹಾಕುವವನು ಹೆತ್ತ ಮಗ, ನೆರೆಮನೆಯವರಲ್ಲ.

"ತೊಲೆ ಬಿದ್ದದ್ದು ಮೊದಲ್ನೇ ದಾಳೀಲಿ. ಗೋಡೆ ಬಿದ್ದದ್ದು ಎರಡನೇದ್ರಲ್ಲಿ. ಗೋಡೆ ಬಿದ್ಮೇಲೆ ಬಾಯಿಗೆ ಕೈ ಎಟುಕಲ್ಲ, ಅಂದ್ರೆ ನಡುವೆ ನೀನು ಬಂದಿದ್ದೆ."

ವಿಯೆನ್ ತೊಲೆಯ ಕಡೆ ಕೈ ತೋರಿಸಿದ.

"ತೊಲೆ ಕದಲ್ಲಿಲ್ಲ ಅಕ್ಕಾ. ಕೂಗ್ದೆ, ಮಾತಾಡ್ಲಿಲ್ಲ. ಮತ್ತೆ ಸೈರನ್ ಆಯ್ತು. ಸತ್ತೋಗಿದ್ಲು — ಬರಿಬಾಯಲ್ಲಿ ಹೆಂಗೆ ಬಿಡ್ಲಿ? ಅಕ್ಕಿ ಹಾಕಿ ಓಡ್ದೆ."

"ಖಾಂಗ್ ಮಾವನ ಮೇಲೆ ಯಾಕೆ ಹಾಕ್ದೆ?"

"ತಾಯಿನ ಬಿಟ್ಟು ಓಡ್ದ ಅಂತಾರಲ್ಲ. ಸತ್ತೋಳಿಗೆ ಮಾಡೋದು ಮಾಡಿದೀನಿ. ನಂದೇನು ತಪ್ಪು?"

ಕೊರಳಪಟ್ಟಿ ಹಿಡಿದ ಕೈಗಳು ಒಂದೊಂದಾಗಿ ಸಡಿಲವಾದವು. ತಪ್ಪಾಯಿತೆಂದು ಖಾಂಗ್‌ನಿಗೆ ಯಾರೂ ಹೇಳಲಿಲ್ಲ. ಥಾಮ್ ಅಲ್ಲಿಗೇ ಬಿಡಬೇಕೆಂದಿದ್ದಳು. ಆದರೆ 'ನಂದೇನು ತಪ್ಪು' ಎಂಬ ಮಾತಿಗೆ ಅವಳ ಮೈ ಉರಿಯಿತು. ಹೆಣದ ತುಟಿ ಸರಿಸಿದಳು. ಹಳೇ ಪದ್ಧತಿಯಂತೆ ಅರಗು ಹಚ್ಚಿ ಕಪ್ಪಾಗಿಸಿದ ಹಲ್ಲುಗಳು. ಅವುಗಳ ಸಂದಿಯಲ್ಲಿ ಬಿಳಿ ಹಿಟ್ಟು, ನಾಲಿಗೆಯ ಮೇಲೆ ನುಚ್ಚು.

"ಎಲ್ರೂ ಅಕ್ಕಿ ನೋಡಿದ್ರಿ, ಅದು ನುಚ್ಚಾಗಿರೋದು ನೋಡ್ಲಿಲ್ಲ. ಹೆಣ ಅಗಿಯಲ್ಲ ವಿಯೆನ್. ತೊಲೆ ಕೆಡವಿದ್ದು ವಿಮಾನ. ಜೀವ ಇದ್ದೋಳನ್ನ ಬಿಟ್ಟು ಹೋದೋನು ನೀನು."

ವಿಯೆನ್ ಬಗ್ಗಿ ಆ ಬಾಯಿಯನ್ನು ನೋಡಿದ.

"ಹಸಿ ಅಕ್ಕಿ," ಎಂದ. "ಉಗುಳಬಹುದಿತ್ತಲ್ಲ."

ಖಾಂಗ್ ಕೊರಳಪಟ್ಟಿ ಸರಿಮಾಡಿಕೊಳ್ಳುತ್ತ ಹೇಳಿದ:

"ಮಗ ಕೊಟ್ಟ ತುತ್ತಲ್ವೇನಪ್ಪ."