ನೀಲಿ ಹಗ್ಗದ ಗಂಟು

“ಆ ಕೊನೇ ಕಂಬದ ಹಗ್ಗ ಮುಟ್ಟಬೇಡಿ. ಯಾರೋ ಮಾಡಿಸಿದ ಮಾಟ ಅದು. ಗಂಟು ಬಿಚ್ಚಿದವರ ಮನೆಯವರು ಮರಗಟ್ಟಿ ಹೋಗ್ತಾರೆ.”

ದೋಣಿಕಟ್ಟೆಯ ಡೀಸೆಲ್ ಅಂಗಡಿಯವನು ಇದನ್ನು ಬಸ್ಸಿನ ವೇಳೆ ಹೇಳುವ ದನಿಯಲ್ಲಿ ಹೇಳಿದ. ಅವನ ಹೆಂಡತಿ ಊಟದ ಡಬ್ಬಿ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಅವನು ತಿರುಗಿಯೂ ನೋಡಲಿಲ್ಲ.

ಲೆಕ್ಕದ ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. “ದಿನಾ ನಮ್ಮನೆಯವಳ ಗಂಟುಮುಖ ನೋಡಿದವನು ನಾನು. ಈ ಗಂಟು ಯಾವ ಲೆಕ್ಕ ಬಿಡಪ್ಪ!”

“ಸಾಕು ಸುಮ್ನಿರಿ,” ಎಂದು ಅವರ ಹೆಂಡತಿ ನಗುತ್ತಲೇ ಕುಡಿಯುವ ನೀರು ತರಲು ಹೋದಳು.

ಕಟ್ಟೆಗೆ ಕಟ್ಟಿದ್ದ ಪುಟ್ಟ ದೋಣಿ, ಮೇಷ್ಟ್ರು ನಿವೃತ್ತರಾದ ಮೇಲೆ ಇಬ್ಬರೂ ಕನಸು ಕಂಡು ಖರೀದಿಸಿದ್ದು. ಕರಾವಳಿಯುದ್ದಕ್ಕೂ ಊರಿಂದೂರಿಗೆ ಇಳಿಯುತ್ತ ಹೊರಟಿದ್ದರು. ಚುಕ್ಕಾಣಿ ಆಕೆಯದು. ಅಂಗಾಲಿಗೆ ತಾಗುವ ನಡುಕದಿಂದಲೇ ಇಂಜಿನ್ನಿನ ಕಾಯಿಲೆ ಹೇಳಬಲ್ಲಳು. ಅದೇ ಮೇಷ್ಟ್ರ ಹೆಮ್ಮೆ.

ಕಡಲ ಇಳಿತಕ್ಕೆ ನೀರು ಇಳಿಯತೊಡಗಿತು, ದೋಣಿಯೂ ಇಳಿಯಿತು, ಕಟ್ಟಿದ ಹಗ್ಗ ಸಾಲದೆ ಬಿಗಿಯಿತು. ಕೊನೆಯ ಕಂಬದಲ್ಲಿ ಉದ್ದನೆಯ ನೀಲಿ ಹಗ್ಗ ಬಿದ್ದುಕೊಂಡಿತ್ತು. ಮುಷ್ಟಿ ಗಾತ್ರದ ಗಂಟು, ಗಂಟಿನೊಳಗೆ ಹೆಣೆದ ಕೂದಲು, ಕೊಳೆತ ಮೀನಿನ ನಾತ. ಮೇಷ್ಟ್ರು ಮೂಗು ಹಿಡಿದುಕೊಂಡೇ ಬಿಚ್ಚಿ, ಆ ಹಗ್ಗವನ್ನು ದೋಣಿಗೆ ಕಟ್ಟಿಕೊಂಡರು.

ಮಧ್ಯಾಹ್ನ, ಅಲೆಯಿಲ್ಲದ ಕಡಲಿನ ನಡುವೆ, ಆಕೆ ಕೇಳಿದಳು: “ರೀ, ಇಂಜಿನ್ ನಿಲ್ಲಿಸಿದ್ರಾ? ಕಾಲಿಗೇನೂ ಗೊತ್ತಾಗ್ತಿಲ್ಲ.”

ಇಂಜಿನ್ ಓಡುತ್ತಲೇ ಇತ್ತು. ಆಕೆಯ ಅಂಗಾಲಿಗೆ ಮೀನಿನ ಗಾಳ ಹೊಕ್ಕಿತ್ತು. ಹಲಗೆಯ ತುಂಬ ರಕ್ತ. ಆಕೆಗೆ ಅದೂ ಗೊತ್ತಿರಲಿಲ್ಲ.

ಮುಂದಿನ ಊರಿನ ಡಾಕ್ಟರು ಗಾಳ ತೆಗೆದು, ಮೊಣಕಾಲ ತನಕ ಸೂಜಿ ಚುಚ್ಚಿ ನೋಡಿ, ದೊಡ್ಡಾಸ್ಪತ್ರೆಗೆ ಹೋಗಿ ಎಂದರು. ದೋಣಿ ಹತ್ತುವಷ್ಟರಲ್ಲಿ ಮರಗಟ್ಟಿದ್ದು ಸೊಂಟದ ತನಕ ಏರಿತ್ತು. ಆಗ ಮೇಷ್ಟ್ರ ಕಣ್ಣು ನೀಲಿ ಹಗ್ಗದ ಮೇಲೆ ಬಿತ್ತು. ಬಂದ ದಾರಿಗೇ ದೋಣಿ ತಿರುಗಿಸಿದರು.

“ಎದೆ ಭಾರ ಅನ್ನಿಸ್ತಿತ್ತು ರೀ,” ಎಂದಳು ಆಕೆ. “ಈಗ ಅದೂ ಇಲ್ಲ.”

ಮೇಷ್ಟ್ರು ಅತ್ತುಬಿಟ್ಟರು. ಅತ್ತದ್ದು ಅದೇ ಕೊನೆ.

ದೋಣಿಕಟ್ಟೆಯಲ್ಲಿ ಡೀಸೆಲ್ ಅಂಗಡಿಯವನು ಕತ್ತರಿ ಕೊಟ್ಟ. “ಬಿಚ್ಚಿದವರೇ ಕಟ್ಟಬೇಕು, ನಿಮ್ಮ ಕೂದಲು ಸೇರಿಸಿ. ಇಷ್ಟು ದಿನ ಅದರಲ್ಲಿ ನನ್ನ ಕೂದಲಿತ್ತು.”

“ಕಟ್ಟಿದರೆ ನನಗೇನಾಗುತ್ತೆ?”

ಅವನು ತನ್ನ ಹೆಂಡತಿಯತ್ತ ನೋಡಿದ, ದಾರಿಹೋಕರನ್ನು ನೋಡುವಂತೆ. “ನೋವಾಗಲ್ಲ. ಆದರೆ ಗಂಟಿನೊಳಗೆ ಹೋದದ್ದು ವಾಪಸ್ಸು ಬರಲ್ಲ.”

ದೋಣಿಯಲ್ಲಿ ಆಕೆಯ ಉಸಿರು ಸಣ್ಣಗಾಗುತ್ತಿತ್ತು. ಮೇಷ್ಟ್ರ ಕೈ ನಡುಗಿತು. ಕೂದಲು ಕತ್ತರಿಸಿದರು. ಹಗ್ಗ ಜಾರಿತು. ಮತ್ತೆ ಹಿಡಿದರು. ನಾತ ಗಂಟಲಿಗಿಳಿಯಿತು. ಒಂದು ಸುತ್ತು. ಇನ್ನೊಂದು. ಎಳೆದರು. ಬಿಗಿಯಿತು.

ನಡುಕ ನಿಂತಿತು. ಭಯವೂ ನಿಂತಿತು.

“ರೀ! ಕಾಲು ನೋಯ್ತಿದೆ! ನೋಯ್ತಿದೆ ರೀ!” ಆಕೆ ಕುಂಟುತ್ತ ಓಡಿ ಬಂದು, ನಗುತ್ತ ಅಳುತ್ತ ಅವರನ್ನು ತಬ್ಬಿಕೊಂಡಳು.

ಇವಳು ತನ್ನ ಹೆಂಡತಿ ಎಂದು ಮೇಷ್ಟ್ರಿಗೆ ಗೊತ್ತಿತ್ತು. ಮೂವತ್ತು ವರ್ಷದ ಒಂದೊಂದು ದಿನವೂ ನೆನಪಿತ್ತು. ಈಗ ಸಂತೋಷವಾಗಬೇಕು ಎಂಬುದೂ ಗೊತ್ತಿತ್ತು. ಅವರು ಕಾದರು. ಏನೂ ಆಗಲಿಲ್ಲ.

“ಒಳ್ಳೆಯದಾಯಿತು,” ಎಂದರು, ಬಸ್ಸಿನ ವೇಳೆ ಹೇಳುವ ದನಿಯಲ್ಲಿ.

ಆಕೆಯ ನಗು ನಿಂತಿತು. ಅವರ ಮುಖವನ್ನೇ ನೋಡುತ್ತ ನಿಂತಳು. ಅಂಗಡಿಯವನ ಹೆಂಡತಿ ಡಬ್ಬಿ ಕೆಳಗಿಟ್ಟು ಬಂದು, ಆಕೆಯ ಕೈ ಹಿಡಿದುಕೊಂಡಳು.